ಅವ್ವಮ್ಮನಿಗೆ ಕೊಡದ ಪೊರುತ್ತ

ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಹನೀಫಾನ ಗಂಟಲು ಕೇಳದವರು ಯಾರಾದರೂ ಇದ್ದರೆ ಅವರು ಕಿವುಡರೇ ಇರಬೇಕು. ಅವನು ಅಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ಏಜೆಂಟ್ ಎಂದರೆ ಇಸ್ತ್ರಿ ಅಂಗಿ ಹಾಕಿ ಫ್ಯಾನಿನಡಿ ಕುಳಿತುಕೊಳ್ಳುವ ಕೆಲಸವಲ್ಲ. ಬಿಸಿಲಲ್ಲಿ ನಿಂತು "ಸಿದ್ಧಕಟ್ಟೆ, ಬಂಟ್ವಾಳ, ಬೀಸಿರೋಡ್" ಎಂದು ಕೂಗಿ ಜನ ಹತ್ತಿಸಬೇಕು. ಒಂದು ಬಸ್ಸು ತನ್ನ ಹೊತ್ತು ಮೀರಿ ನಿಂತು ಹಿಂದಿನ ಬಸ್ಸಿನ ಜನವನ್ನು ತುಂಬಿಸಿಕೊಂಡರೆ ಅದರ ಡ್ರೈವರನ ಕಾಲರಿಗೆ ಕೈ ಹಾಕಲೂ ತಯಾರಿರಬೇಕು. ಸೌಮ್ಯ ಮನುಷ್ಯರಿಗೆ ಆಗುವ ಕೆಲಸ ಅಲ್ಲ ಅದು. ಬಡಗಿಗೆ ಉಳಿ ಇದ್ದ ಹಾಗೆ ಹನೀಫಾನಿಗೆ ಸಿಟ್ಟು. ಬೆಳಿಗ್ಗೆ ಅದನ್ನು ಹಿಡಿದುಕೊಂಡೇ ಪುತ್ತಿಗೆಯ ಮನೆಯಿಂದ ಹೊರಡುತ್ತಿದ್ದ.

ಚಳಿಗಾಲ ಮುಗಿಯುವ ಹೊತ್ತಿನಲ್ಲಿ ಒಂದು ದಿನ ಡ್ರೈವರ್ ಭೋಜ ಬಸ್ಸನ್ನು ಕದಲಿಸಲಿಲ್ಲ.

"ಏ ಭೋಜ, ಇದೇನು ನಿನ್ನ ಮಾವನ ಮನೆ ಅಂಗಳವಾ? ತೆಗಿ ಗಾಡಿ!"

"ಎರಡೇ ನಿಮಿಷ ಹನೀಫಾಕ. ಒಬ್ಬರು ಅಮ್ಮ ಓಡಿ ಬರ್ತಾ ಇದ್ದಾರೆ."

"ಎಲ್ಲಿಂದ, ಬೆಳ್ತಂಗಡಿಯಿಂದ ಓಡಿ ಬರ್ತಾ ಇದ್ದಾರಾ? ಅವರು ಬಂದು ಮುಟ್ಟುವಾಗ ನಿನಗೆ ಪೆನ್ಶನ್ ಆಗ್ತದೆ!"

ಜನ ನಕ್ಕರು. ಭೋಜನೂ ನಕ್ಕ. ಹನೀಫಾ ಮಾತ್ರ ನಗಲಿಲ್ಲ. ಬಸ್ಸಿನ ತಗಡಿಗೆ ಅಂಗೈಯಿಂದ ಬಡಿಯಲು ಎತ್ತಿದ ಕೈ ಹಾಗೇ ಕೆಳಗೆ ಬಂತು. ಎಡದ ಹೆಗಲಿನಿಂದ ದವಡೆಯವರೆಗೆ ಯಾರೋ ಹಗ್ಗ ಹಾಕಿ ಎಳೆದ ಹಾಗಾಯಿತು. ಮಂಗಳೂರಿಗೆ ಅವನನ್ನು ಕರೆದುಕೊಂಡು ಹೋದದ್ದೂ ಭೋಜನೇ, ಜನರನ್ನೆಲ್ಲ ಇಳಿಸಿ ಅದೇ ಬಸ್ಸಿನಲ್ಲಿ.

ಜೀವ ಉಳಿಯಿತು. ಎದೆಗೆ ಸ್ಟೆಂಟ್ ಬಿತ್ತು. ಮನೆಗೆ ಕಳಿಸುವಾಗ ಡಾಕ್ಟರು ಹೆಂಡತಿ ಸಬೀಹಾಳನ್ನೂ ಕಾಲೇಜಿಗೆ ಹೋಗುವ ಮಗಳು ಹನಾಳನ್ನೂ ಕೂರಿಸಿ ಹೇಳಿದರು. "ಉಪ್ಪು, ಎಣ್ಣೆ ಕಮ್ಮಿ ಮಾಡಿ. ಈ ವರ್ಷ ಉಪವಾಸ ಬೇಡ. ಮನಸ್ಸನ್ನೂ ನೋಡಿಕೊಳ್ಳಬೇಕು. ಹಬ್ಬದ ಸಮಯದಲ್ಲಿ ಇಂಥ ಕೇಸು ನಮಗೆ ಜಾಸ್ತಿ ಬರ್ತದೆ. ಊಟದಿಂದ ಮಾತ್ರ ಅಲ್ಲ. ಸಂತೋಷ, ಬೇಸರ, ಹಳೆ ಜಗಳ, ಎಲ್ಲ ಹಬ್ಬದ ದಿವಸವೇ ಒಟ್ಟಿಗೆ ಎದ್ದು ಬರ್ತದೆ. ಮನಸ್ಸಿನಲ್ಲಿ ಎಂತ ಉಂಟು ಅಂತ ಅವರ ಹತ್ತಿರ ಮಾತಾಡ್ತಾ ಇರಿ."

ಡಾಕ್ಟರು ಹೇಳಿದ್ದು ಮಾತಾಡಿ ಎಂದು. ಮನೆಯವರು ಹಿಡಿದುಕೊಂಡದ್ದು ಬಾಯಿ ಮುಚ್ಚಿ ಎಂದು. ಗಲ್ಫಿನಿಂದ ಮಗ ಶಮೀರ್ ಫೋನಿನಲ್ಲೇ ಕಾನೂನು ಮಾಡಿದ: ಉಪ್ಪನಿಗೆ, ಅಂದರೆ ಅಪ್ಪನಿಗೆ, ಯಾರೂ ಎದುರು ಮಾತಾಡಬಾರದು. ಯಾವ ಸುದ್ದಿಯನ್ನೂ ಹೇಳಬಾರದು. ಅವರು ಹಗಲನ್ನು ರಾತ್ರಿ ಎಂದರೆ ಲೈಟು ಹಾಕಬೇಕು.

ಅಂದಿನಿಂದ ಆ ಮನೆಯಲ್ಲಿ ಜಗಳ ನಿಂತಿತು. ಇಪ್ಪತ್ತೈದು ವರ್ಷ ಗಂಡನಿಗೆ ಮಾತಿಗೆ ಮಾತು ಕೊಟ್ಟ ಸಬೀಹಾ ಈಗ ಬೆಕ್ಕಿನ ಹಾಗೆ ನಡೆದಾಡಿದಳು.

"ಇದೆಂತ ಸಾರು? ಕೈ ತೊಳೆದ ನೀರಿನ ಹಾಗೆ ಉಂಟು."

"ಹೌದು, ನನ್ನದೇ ತಪ್ಪು."

"ತಪ್ಪು ಹೇಗೆ ಮಾರಾಯ್ತಿ? ಉಪ್ಪು ಹಾಕಬಾರದು ಅಂತ ಹೇಳಿದ್ದು ಡಾಕ್ಟ್ರು. 'ಬೇಕಾದ್ರೆ ತಿನ್ನಿ, ಇಲ್ಲದಿದ್ರೆ ಬಿಡಿ' ಅಂತ ಹೇಳು! ಒಂದು ಸಲ ಬೈದು ನೋಡು ನನಗೆ!"

"ಬೇಡ. ನೀವು ಮಾತ್ರೆ ತಗೊಳ್ಳಿ."

ರಂಝಾನ್ ಬಂತು. ಊರೆಲ್ಲ ಉಪವಾಸ ಇರುವಾಗ ಹನೀಫಾ ಒಳಕೋಣೆಯ ಬಾಗಿಲು ಹಾಕಿ ಗಂಜಿ ಕುಡಿದ. ಚಮಚದ ಸದ್ದು ಹೊರಗೆ ಕೇಳುತ್ತದೋ ಎಂದು ಪಾತ್ರೆಯನ್ನು ಬಾಯಿಗೇ ಎತ್ತಿದ. ಕಳ್ಳನ ಹಾಗೆ ತಿಂದ ಅನ್ನ ಮೈಗೆ ಹತ್ತುವುದುಂಟೆ? ಇದನ್ನೆಲ್ಲ ಕೇಳಲು ಅವನಿಗೆ ಉಳಿದಿದ್ದದ್ದು ಒಂದೇ ಕಿವಿ, ಕಲ್ಲಡ್ಕದಲ್ಲಿದ್ದ ಅಕ್ಕ ಅವ್ವಮ್ಮ.

ತಾಯಿ ತೀರಿಕೊಂಡಾಗ ಹನೀಫಾ ನಡೆಯಲು ಕಲಿಯುತ್ತಿದ್ದ ಮಗು. ಅವ್ವಮ್ಮ ಅವನನ್ನು ಸೊಂಟದಿಂದ ಇಳಿಸದೆ ಸಾಕಿದಳು. ಮದುವೆಯಾಗಿ ಕಲ್ಲಡ್ಕಕ್ಕೆ ಹೋಗುವಾಗ ಇವನನ್ನೂ ಒಟ್ಟಿಗೆ ಕರೆದುಕೊಂಡು ಹೋದಳು. ಅವಳ ಗಂಟಲು ಇವನದಕ್ಕಿಂತ ಒಂದು ಹಿಡಿ ಹೆಚ್ಚು. ಪ್ರತಿ ಪೆರ್ನಾಲ್ ಹಬ್ಬಕ್ಕೆ, ನಮಾಝ್ ಮುಗಿಸಿ, ಹನೀಫಾ ಕಲ್ಲಡ್ಕದ ಬಸ್ಸು ಹತ್ತುತ್ತಿದ್ದ. ಅವನು ಹೋಗಿ ಮುಟ್ಟದೆ ಅವಳು ತುಪ್ಪದನ್ನದ ಮುಚ್ಚಳ ತೆಗೆಯುತ್ತಿರಲಿಲ್ಲ. ಮುಟ್ಟಿದ ಮೇಲೆ ತಡವಾಯಿತೆಂದು ನೆರೆಮನೆಯವರೆಲ್ಲ ಹೊರಗೆ ಬರುವಷ್ಟು ಬೈಯುತ್ತಿದ್ದಳು. ಆಮೇಲೆ ಬಡಿಸುತ್ತಿದ್ದಳು.

ಈಗ ಅವಳು ದಿನಾ ಸಂಜೆಯ ಅಸರ್ ಬಾಂಗ್ ಆದ ಮೇಲೆ ಫೋನ್ ಮಾಡುತ್ತಿದ್ದಳು.

"ಇದ್ದೀಯಾ, ಹೋದೆಯಾ?"

"ನಿನ್ನನ್ನು ಕಳಿಸಿಯೇ ನಾನು ಹೋಗುವುದು."

"ಎದೆಗೆ ಸ್ಪ್ರಿಂಗ್ ಹಾಕಿಸಿಕೊಂಡಿದ್ದೀಯಂತೆ. ಬಸ್ಸಿನವರ ಸಹವಾಸ ಮಾಡಿ ಮಾಡಿ ನೀನೇ ಬಸ್ಸಾದೆ. ಇನ್ನು ವರ್ಷಕ್ಕೊಮ್ಮೆ ಗ್ಯಾರೇಜಿಗೆ ಬಿಡಬೇಕು ನಿನ್ನನ್ನು!"

"ನಿನ್ನ ಬಾಯಿಗೆ ಮೊದಲು ಬ್ರೇಕ್ ಹಾಕಿಸು."

ಹೀಗೆ ಅರ್ಧ ಗಂಟೆ. ಫೋನ್ ಇಟ್ಟ ಮೇಲೆ ಅವನ ಮುಖಕ್ಕೆ ಬಣ್ಣ ಬರುತ್ತಿತ್ತು. ಎರಡು ತುತ್ತು ಹೆಚ್ಚೇ ತಿನ್ನುತ್ತಿದ್ದ. ಸಬೀಹಾ ಇದನ್ನು ನೋಡಿದ್ದಳು. ಗುಳಿಗೆಗಿಂತ ಅತ್ತಿಗೆಯ ಬೈಗುಳವೇ ವಾಸಿ ಎಂದು ಹನಾಳಲ್ಲಿ ಹೇಳಿಯೂ ಇದ್ದಳು.

ಉಪವಾಸದ ಕೊನೆಯ ಹತ್ತು ದಿನ ಶುರುವಾದಾಗ ಶಮೀರ್ ರಜೆಯಲ್ಲಿ ಊರಿಗೆ ಬಂದ. ಅವನು ಬಂದ ಮರುದಿನ ಬೆಳಿಗ್ಗೆ ಅವ್ವಮ್ಮ ತೀರಿಕೊಂಡಳು. ಸುಬಹಿ ನಮಾಝ್ ಮಾಡಿ ನಮಾಝಿನ ಚಾಪೆ ಮುಸಲ್ಲದ ಮೇಲೆಯೇ ಒರಗಿದವಳು ಏಳಲಿಲ್ಲ. ಅವಳ ಮಗ ನಿಝಾರ್ ಶಮೀರನಿಗೆ ಫೋನ್ ಮಾಡಿ ಅತ್ತ. ಆ ಹೊತ್ತಿಗೆ ಹನೀಫಾ ಒಳಗೆ ನಿದ್ದೆಯಲ್ಲಿದ್ದ.

"ಉಪ್ಪನಿಗೆ ಗೊತ್ತಾಗಬಾರದು," ಎಂದ ಶಮೀರ್. "ಗೊತ್ತಾದರೆ ಇವತ್ತು ಎರಡು ಮಯ್ಯಿತ್ ಎತ್ತಬೇಕಾಗ್ತದೆ. ಪೆರ್ನಾಲ್ ಕಳೆಯಲಿ. ಮೆಲ್ಲ ಹೇಳುವ."

ಬೇಡ ಎನ್ನುವವರು ಒಬ್ಬರಾದರೂ ಬೇಕಿತ್ತು. ಯಾರೂ ಎನ್ನಲಿಲ್ಲ. ಕಲ್ಲಡ್ಕದಲ್ಲಿ ನಿಝಾರ್ ಒಪ್ಪಿದ, ಮಾವನ ಜೀವಕ್ಕಿಂತ ಹೆಚ್ಚಿನದು ಯಾವುದು ಎಂದ. ಪುತ್ತಿಗೆಯ ಮಸೀದಿಯಲ್ಲಿ ಉಸ್ತಾದರೂ ಒಪ್ಪಿದರು. ಒಂದು ಊರಿಗೆ ಊರೇ ಸೇರಿ ಒಬ್ಬ ಮನುಷ್ಯನನ್ನು ಮೂರ್ಖ ಮಾಡಿತು. ಎಲ್ಲ ಅವನ ಮೇಲಿನ ಪ್ರೀತಿಯಿಂದ! ಹಗೆಯವನು ಬಂದು ಹೊಡೆದರೆ ಕೈ ಅಡ್ಡ ಹಿಡಿಯಬಹುದು. ಪ್ರೀತಿಯವರು ಹೊಡೆದರೆ ಎಲ್ಲಿಗೆ ಹಿಡಿಯುವುದು?

ಪೆರ್ನಾಲಿನ ಬಟ್ಟೆಗೆ ಬೀಸಿರೋಡಿಗೆ ಹೋಗಿ ಬರುತ್ತೇವೆಂದು ಹೇಳಿ ಮೂವರೂ ಹೊರಟರು. ಹೋಗುವಾಗ ಹನೀಫಾನ ಫೋನನ್ನು ಬ್ಯಾಟರಿ ಸರಿಯಿಲ್ಲ, ರಿಪೇರಿಗೆ ಕೊಡಬೇಕೆಂದು ಶಮೀರ್ ಜೇಬಿಗೆ ಹಾಕಿಕೊಂಡ. ಕಲ್ಲಡ್ಕದಲ್ಲಿ ಮಯ್ಯಿತಿನ ನಮಾಝಿಗೆ ಮೊದಲು ನಿಝಾರ್ ಎದ್ದು ನಿಂತು, ಇಂಥ ಹೊತ್ತಿನಲ್ಲಿ ಮಕ್ಕಳು ಕೇಳಬೇಕಾದ್ದನ್ನು ಕೇಳಿದ: ನನ್ನ ಉಮ್ಮನಿಂದ ಯಾರಿಗಾದರೂ ನೋವಾಗಿದ್ದರೆ ಪೊರುತ್ತ ಕೊಡಿ. ಕ್ಷಮಿಸಿದ್ದೇನೆ ಎನ್ನುವ ಆ ಒಂದು ಮಾತನ್ನೇ ಪೊರುತ್ತ ಎನ್ನುವುದು. ಬದುಕಿದ್ದವರು ಅದನ್ನು ಕೊಡದಿದ್ದರೆ ತೀರಿಹೋದವರ ದಾರಿ ಹಗುರವಾಗುವುದಿಲ್ಲ. ಸೇರಿದ ಗಂಡಸರೆಲ್ಲ ಕೊಟ್ಟಿದ್ದೇವೆ ಎಂದರು. ಮಂಚಕ್ಕೆ ಮೊದಲ ಹೆಗಲು ಕೊಡಬೇಕಾದ ತಮ್ಮ ಮಾತ್ರ ಅಲ್ಲಿರಲಿಲ್ಲ.

ಹಿಂದೆ ಬರುವಾಗ ಬರಿಗೈಯಲ್ಲಿ ಬಂದರೆ ಸುಳ್ಳು ನಿಲ್ಲುವುದಿಲ್ಲವಲ್ಲ. ಅತ್ತು ಕೆಂಪಾದ ಕಣ್ಣಿನಲ್ಲಿ ಸಬೀಹಾ ಬೀಸಿರೋಡಿನ ಬಟ್ಟೆ ಅಂಗಡಿ ಹೊಕ್ಕು ಗಂಡನಿಗೆ ಆಕಾಶ ಬಣ್ಣದ ಒಂದು ಅಂಗಿ ತೆಗೆದಳು. ಸೈಜು ಎಷ್ಟು ಎಂದು ಅಂಗಡಿಯವನು ಎರಡು ಸಲ ಕೇಳಬೇಕಾಯಿತು.

"ಕಣ್ಣಿಗೆ ಎಂತ ಆಯ್ತು?" ಹನೀಫಾ ಕೇಳಿದ.

"ಹೈವೇಯ ಧೂಳು."

"ಮೂವರಿಗೂ?"

ಸಬೀಹಾ ಅಂಗಿಯ ಕಟ್ಟನ್ನು ಅವನ ಕೈಗಿಟ್ಟು ಒಳಗೆ ಹೋದಳು. ಅಸರ್ ಆಯಿತು. ಅವನು ಹನಾಳ ಫೋನಿಗೆ ಕೈ ಚಾಚಿದ. ಆಗ ಶಮೀರ್ ಬಾಯಿಗೆ ಬಂದ ಸುಳ್ಳನ್ನು ಹೇಳಿದ. "ಮಾಮಿ ಉಮ್ರಾಕ್ಕೆ ಹೋಗಿದ್ದಾರೆ ಉಪ್ಪಾ. ಯಾರೋ ಹೋಗುವವರು ಬಿಟ್ಟರಂತೆ, ಸೀಟು ಖಾಲಿ ಇತ್ತು. ಇದ್ದಕ್ಕಿದ್ದ ಹಾಗೆ ಹೊರಟರು. ಅಲ್ಲಿ ಅವರಿಗೆ ಫೋನ್ ಸಿಗುವುದಿಲ್ಲ."

ಇಷ್ಟೆಲ್ಲ ಓದಿ ಬರೆದ ಹುಡುಗನಿಗೆ ಒಂದು ವಿಷಯ ಹೊಳೆಯಲಿಲ್ಲ. ಮಕ್ಕಕ್ಕೆ ಹೋಗುವವರು ಹೊರಡುವ ಮೊದಲು ಹತ್ತಿರದವರ ಬಾಗಿಲಿಗೆ ಹೋಗಿ ಪೊರುತ್ತ ಕೇಳುತ್ತಾರೆ. ನೆರೆಮನೆಯವರನ್ನೂ ಬಿಡುವುದಿಲ್ಲ, ಮಾತು ಬಿಟ್ಟವರನ್ನೂ ಬಿಡುವುದಿಲ್ಲ.

"ನನ್ನ ಹತ್ತಿರ ಬರಲಿಲ್ಲ?" ಎಂದ ಹನೀಫಾ.

"ಪುರುಸೊತ್ತು ಆಗಿರಲಿಕ್ಕಿಲ್ಲ."

"ಒಂದು ಫೋನ್?"

"ನೀವು ಮಲಗಿದ್ದಿರಿ."

ಹನೀಫಾ ಮತ್ತೇನೂ ಕೇಳಲಿಲ್ಲ. ಮೊದಲಾಗಿದ್ದರೆ ಮನೆಯ ಹೆಂಚು ಹಾರುವ ಹಾಗೆ ಕೂಗುತ್ತಿದ್ದ. ಈಗ ಮಾತು ಒಳಗೇ ಉಳಿಯಿತು. ಹೊರಗೆ ಬಾರದ ಮಾತು ಒಳಗೆ ಸುಮ್ಮನೆ ಕುಳಿತಿರುತ್ತದೆಯೆ? ಮುಚ್ಚಿಟ್ಟ ಮೀನಿನ ಹಾಗೆ ಕೊಳೆಯತೊಡಗಿತು. ನಾನೇನು ಮಾಡಿದೆ ಅವಳಿಗೆ ಎಂದು ಯೋಚಿಸಿದ. ಬಾಯಿಗೆ ಬ್ರೇಕ್ ಹಾಕಿಸು ಎಂದದ್ದು ನೋವಾಯಿತೆ? ಒಂದು ಕಾಲು ಗೋರಿಯಲ್ಲಿಟ್ಟವನ ಹತ್ತಿರ ಹೇಳಿ ಪ್ರಯೋಜನವೇನು ಎಂದುಕೊಂಡಳೆ? ಅಥವಾ ಇವನು ಇನ್ನು ಲೆಕ್ಕಕ್ಕೇ ಇಲ್ಲ ಎಂದು ಅವಳೂ ಇವರ ಜೊತೆ ಸೇರಿದಳೆ?

ಊಟ ಬಿಟ್ಟ. ನಿದ್ದೆ ಬಿಟ್ಟಿತು. ಅಂಗೈ ಬೆವರತೊಡಗಿತು. ಬಾವಿಕಟ್ಟೆಯವರೆಗೆ ಹೋದರೆ ಉಸಿರು ಸಾಲುತ್ತಿರಲಿಲ್ಲ. ಶಮೀರ್ ಗಾಬರಿಯಾಗಿ ಮಂಗಳೂರಿಗೆ ಕರೆದುಕೊಂಡು ಹೋದ. ಮೆಷಿನಿನಲ್ಲಿ ನೋಡಿದರೆ ಹಾಕಿದ ಸ್ಟೆಂಟ್ ಸರಿಯಾಗಿಯೇ ಇತ್ತು.

"ಏನಾದರೂ ಚಿಂತೆ ಉಂಟಾ ಇವರಿಗೆ?" ಡಾಕ್ಟರು ಕೇಳಿದರು.

"ಎಂತದೂ ಇಲ್ಲ ಡಾಕ್ಟ್ರೇ. ಮನೆಯಲ್ಲಿ ನಾವು ಒಂದು ಮಾತು ಗಟ್ಟಿಯಾಗಿ ಆಡುವುದಿಲ್ಲ."

ಡಾಕ್ಟರು ಹನೀಫಾನ ಕಡೆ ನೋಡಿದರು. ಹನೀಫಾ ಗೋಡೆಯ ಕಡೆ ನೋಡಿದ. ನಿದ್ದೆಗೆಂದು ಇನ್ನೊಂದು ಗುಳಿಗೆ ಸೇರಿತು.

ಪೆರ್ನಾಲಿನ ಬೆಳಿಗ್ಗೆ ಹನೀಫಾ ಹೊಸ ಅಂಗಿ ಹಾಕಿಕೊಂಡ. ಕುತ್ತಿಗೆಯ ಹತ್ತಿರ ಸಡಿಲವಾಗಿತ್ತು. ಅಂಗಿ ದೊಡ್ಡದಲ್ಲ, ಮನುಷ್ಯ ಕುಗ್ಗಿದ್ದ. ಶಮೀರ್ ಕೈ ಹಿಡಿದು ಮಸೀದಿಗೆ ಕರೆದುಕೊಂಡು ಹೋದ. ನಮಾಝ್ ಆದ ಮೇಲೆ ಜನ ಅಪ್ಪಿಕೊಂಡರು. ಎಲ್ಲರೂ ಬೇಗ ಬೇಗ ಅಪ್ಪಿಕೊಂಡು ಬಿಟ್ಟರು, ಕಣ್ಣಿಗೆ ಕಣ್ಣು ಕೊಡಲಿಲ್ಲ. ರೋಗಿ ಎಂದು ಹೆದರುತ್ತಾರೆ ಎಂದುಕೊಂಡ ಅವನು.

ಮನೆಗೆ ಬಂದಾಗ ಭೋಜ ಜಗಲಿಯಲ್ಲಿ ಕುಳಿತಿದ್ದ, ಬಾಳೆಹಣ್ಣಿನ ಗೊನೆ ಒಂದನ್ನು ಕಾಲ ಬುಡದಲ್ಲಿಟ್ಟುಕೊಂಡು.

"ನಿಮ್ಮ ಜಾಗದಲ್ಲಿ ಒಬ್ಬ ಹೊಸ ಏಜೆಂಟ್ ಬಂದಿದ್ದಾನೆ ಹನೀಫಾಕ. ಥ್ಯಾಂಕ್ಯೂ, ಸಾರಿ ಹೇಳ್ತಾನೆ. ಬಸ್ಸು ಯಾವುದೂ ಹೊತ್ತಿಗೆ ಬಿಡುವುದಿಲ್ಲ."

"ನೀನು ಈಗಲೂ ಆ ಅಮ್ಮನಿಗೆ ಕಾಯ್ತೀಯಾ?"

"ಇಲ್ಲ, ಇಲ್ಲ. ಅವತ್ತು ನಂದೇ ತಪ್ಪು. ನಾನು ಗಾಡಿ ತೆಗೆದಿದ್ದರೆ ನಿಮಗೆ ಹೀಗೆ ಆಗ್ತಿರಲಿಲ್ಲ."

"ಥತ್! ನೀನೂ ಶುರು ಮಾಡಿದೆಯಾ?" ಎಂದ ಹನೀಫಾ. ಆದರೆ ಆ ಥತ್‌ನಲ್ಲಿ ಜೀವ ಇರಲಿಲ್ಲ. ಭೋಜ ಸ್ವಲ್ಪ ಹೊತ್ತು ಕುಳಿತು, ಶಾವಿಗೆ ಪಾಯಸ ಕುಡಿದು ಎದ್ದು ಹೋದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತರು. ಸಬೀಹಾ ಅವನ ತಟ್ಟೆಗೆ ಎರಡು ಚಮಚ ತುಪ್ಪದನ್ನ ಹಾಕಿದಳು, ಹಬ್ಬಕ್ಕೆ ಅಷ್ಟು ಅಡ್ಡಿಯಿಲ್ಲವೆಂದು. ಅವನು ಕಲಸಿದ, ಬಾಯಿಗೆ ಇಡಲಿಲ್ಲ.

"ತಿನ್ನಿ ಉಪ್ಪಾ," ಎಂದಳು ಹನಾ. ಎಲ್ಲರೂ ಸುಮ್ಮನಿದ್ದದ್ದು ಆ ಹುಡುಗಿಗೆ ತಡೆಯಲಾಗಲಿಲ್ಲ. ಏನಾದರೂ ಮಾತಾಡಬೇಕೆಂದು, ಬೆಳಿಗ್ಗೆ ಮಸೀದಿಯ ಮೈಕಿನಲ್ಲಿ ಕೇಳಿದ್ದನ್ನೇ ಹೇಳಿದಳು. "ಇವತ್ತು ಎಲ್ಲರಿಗೂ ಪೊರುತ್ತ ಕೊಡಬೇಕಂತೆ. ಉಸ್ತಾದರು ಹೇಳಿದ್ರಲ್ಲ."

"ಕೊಟ್ಟಿದ್ದೇನೆ," ಎಂದ ಹನೀಫಾ. "ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಾಲರ್ ಹಿಡಿದವರಿಗೆಲ್ಲ ಕೊಟ್ಟಿದ್ದೇನೆ. ಭೋಜ ಕೇಳದೆಯೇ ಕೊಟ್ಟಿದ್ದೇನೆ."

"ಹಾಗಾದ್ರೆ ಆಯ್ತಲ್ಲ."

"ಅವಳೊಬ್ಬಳಿಗೆ ಇಲ್ಲ."

ಶಮೀರನ ಕೈ ತಟ್ಟೆಯಲ್ಲೇ ನಿಂತಿತು.

"ಕಲ್ಲಡ್ಕದವಳಿಗೆ ಇಲ್ಲ. ಊರಿಗೆಲ್ಲ ಹೇಳಿ ಹೋಗಿರ್ತಾಳೆ. ನನ್ನ ಬಾಗಿಲಿಗೆ ಬರಲಿಲ್ಲ. ನಾನು ಸತ್ತೆ ಅಂತ ಲೆಕ್ಕ ಹಾಕಿದ್ದಾಳೆ ಅವಳು. ಕಾಬಾವನ್ನು ಎಷ್ಟು ಸುತ್ತು ಬೇಕಾದರೂ ಬರಲಿ. ನಾನು ಪೊರುತ್ತ ಕೊಡುವುದಿಲ್ಲ. ಇಲ್ಲಿಯೂ ಕೊಡುವುದಿಲ್ಲ, ನಾಳೆ ಆಖಿರತ್ತಿನಲ್ಲಿ ಅಲ್ಲಾಹುವಿನ ಮುಂದೆ ನಿಲ್ಲಿಸಿ ಕೇಳಿದರೂ—"

ಸಬೀಹಾ ಎದ್ದು ಬಂದು ಅನ್ನದ ಕೈಯಿಂದಲೇ ಅವನ ಬಾಯಿ ಮುಚ್ಚಿದಳು.

"ಹೇಳಬೇಡಿ. ಹಿಂದೆ ತಗೊಳ್ಳಿ ಆ ಮಾತು. ಅವರು ಹೋಗಿ ಆಯ್ತು. ಅವರು ಮಣ್ಣಿನ ಅಡಿಯಲ್ಲಿದ್ದಾರೆ. ಅವರಿಗೆ ಹಾಗೆ ಹೇಳಬೇಡಿ!"

"ಉಮ್ಮಾ!" ಎಂದು ಶಮೀರ್ ಕೂಗಿದ. ಎದ್ದು, ನಾಲಗೆಯಡಿಗೆ ಇಡುವ ಗುಳಿಗೆ ತರಲು ಓಡಿದ.

ಹನೀಫಾ ಹೆಂಡತಿಯ ಕೈಯನ್ನು ತನ್ನ ಬಾಯಿಂದ ಮೆಲ್ಲ ಸರಿಸಿದ. ಅವಳು ಎಲ್ಲ ಹೇಳಿದಳು, ಅಳುತ್ತ, ಹಿಂದೆ ಮುಂದೆ ಮಾಡಿ. ಮುಸಲ್ಲದ ಮೇಲೆ ಒರಗಿದ್ದು, ನಿಝಾರನ ಫೋನ್, ಉಮ್ರಾದ ಸುಳ್ಳು.

"ಯಾವತ್ತು?"

"ನಾವು ಬಟ್ಟೆಗೆ ಅಂತ ಹೋದ ದಿವಸ."

ಅವನು ತಲೆ ಬಗ್ಗಿಸಿ ತಾನು ಹಾಕಿದ್ದ ಅಂಗಿಯನ್ನು ನೋಡಿದ. ಎದೆಯ ಮೇಲೆ ಒಂದು ಅಗುಳು ಅಂಟಿತ್ತು. ಅದನ್ನು ತೆಗೆದು ತಟ್ಟೆಯ ಅಂಚಿನಲ್ಲಿ ಇಟ್ಟ.

ಮೂವರೂ ಕಾದರು, ಅವನು ಕೂಗುತ್ತಾನೆಂದು, ಎದೆ ಹಿಡಿದು ಬೀಳುತ್ತಾನೆಂದು. ಶಮೀರ್ ಗುಳಿಗೆಯನ್ನು ಬಿಡಿಸಿ ಅಂಗೈಯಲ್ಲಿ ಹಿಡಿದು ನಿಂತೇ ಇದ್ದ. ಹನೀಫಾ ಬೀಳಲಿಲ್ಲ. ಹೊಡೆದಿದ್ದರೆ, ತಟ್ಟೆ ಎಸೆದಿದ್ದರೆ ಅವರಿಗೆ ಎಷ್ಟೋ ಸುಖವಾಗುತ್ತಿತ್ತು.

"ಕಲ್ಲಡ್ಕಕ್ಕೆ ಹೋಗುವ," ಎಂದ ಅವನು. ಅಷ್ಟೇ.

ಬಾಡಿಗೆ ಕಾರಿನಲ್ಲಿ ಶಮೀರ್ ಅವನನ್ನು ಕರೆದುಕೊಂಡು ಹೋದ. ಕಲ್ಲಡ್ಕದ ಮನೆಯಲ್ಲಿ ನಿಝಾರ್ ಅಂಗಳಕ್ಕೇ ಓಡಿ ಬಂದು ಕಾಲು ಹಿಡಿದ.

"ಬೈಯಿರಿ ಮಾವ. ಹೊಡೆಯಿರಿ ಬೇಕಾದರೆ. ನಾನೇ ಒಪ್ಪಿದ್ದು."

ಹನೀಫಾ ಬಾಯಿ ತೆರೆದ. ಹುಡುಕಿದ, ನಿಜಕ್ಕೂ ಹುಡುಕಿದ. ಬಸ್ಸಿನ ಒಂದು ನಿಮಿಷಕ್ಕಾಗಿ ಬೆಂಕಿಯಾಗುತ್ತಿದ್ದ ಸಿಟ್ಟಿನಲ್ಲಿ ಇವತ್ತಿಗೆ ಒಂದು ಕಿಡಿಯೂ ಇರಲಿಲ್ಲ. ಇವರೆಲ್ಲ ಸೇರಿ ಅವನ ಎದೆಯನ್ನು ಎಷ್ಟು ಜೋಪಾನವಾಗಿ ಕಾಪಾಡಿದ್ದರು ಎಂದರೆ ಅದರೊಳಗೆ ಏನನ್ನೂ ಉಳಿಸಿರಲಿಲ್ಲ.

"ಕೊನೆಗೆ ಏನಾದರೂ ಹೇಳಿದಳಾ?"

"ಬೆಳಗಿನ ಜಾವ ಅತ್ತಾಳದ ಊಟಕ್ಕೆ ಕುಳಿತಾಗ ನಿಮ್ಮ ವಿಷಯ ತೆಗೆದರು. ಪೆರ್ನಾಲಿಗೆ ಅವನು ಬಂದೇ ಬರ್ತಾನೆ, ಉಪ್ಪಿಲ್ಲದೆ ಅವನಿಗೆ ಬೇರೆ ಮಾಡಿ ಇಡಬೇಕು ಅಂತ." ನಿಝಾರ್ ಮುಖ ಒರೆಸಿಕೊಂಡ. "ತಡ ಮಾಡಿ ಬರಲಿ, ಹಬ್ಬ ಮಾಡ್ತೇನೆ ಅವನಿಗೆ ಅಂತ ನಕ್ಕರು."

ಮಸೀದಿಯ ಹಿಂದಿನ ಖಬರ್‌ಸ್ತಾನದಲ್ಲಿ ಮಣ್ಣು ಇನ್ನೂ ಕೂತಿರಲಿಲ್ಲ. ತಲೆಯ ಕಡೆ ನೆಟ್ಟ ಗಿಡದ ಎಲೆ ಬಿಸಿಲಿಗೆ ಬಾಡಿತ್ತು. ಶಮೀರನೂ ನಿಝಾರನೂ ಗೇಟಿನಲ್ಲಿ ನಿಂತರು. ಹನೀಫಾ ಒಬ್ಬನೇ ಹತ್ತಿರ ಹೋದ. ಇಡೀ ಬಸ್ ನಿಲ್ದಾಣಕ್ಕೆ ಕೇಳುವ ಹಾಗೆ ಊರುಗಳ ಹೆಸರು ಕೂಗಿದ ಗಂಟಲು ಅದು. "ಕೊಟ್ಟೆ ಅಕ್ಕಾ, ಪೊರುತ್ತ ಕೊಟ್ಟೆ" ಎಂಬ ಮಾತು ಅವನ ಕಿವಿಗೇ ಸರಿಯಾಗಿ ಕೇಳಲಿಲ್ಲ. ಇನ್ನೊಮ್ಮೆ ಹೇಳಿದ. ತಾನೂ ಅವಳ ಹತ್ತಿರ ಕೇಳಬೇಕಿತ್ತು. ಕೇಳಿದ. ಅದಕ್ಕೆ ಕೊಟ್ಟೆ ಎಂದು ಹೇಳಬೇಕಾದವಳು ಹೇಳಲಿಲ್ಲ.

ಹೊರಗೆ ಬರುವಾಗ ಅಲ್ಲಿಯ ಉಸ್ತಾದರು ಎದುರಾದರು. ಹನೀಫಾ ಅವರನ್ನು ನಿಲ್ಲಿಸಿದ.

"ಉಸ್ತಾದ್, ಸತ್ತದ್ದು ಗೊತ್ತಿಲ್ಲದೆ ಒಬ್ಬ ಪೊರುತ್ತ ಇಲ್ಲ ಅಂತ ಹೇಳಿದರೆ?"

"ಗೊತ್ತಿಲ್ಲದೆ ಹೇಳಿದ್ದನ್ನು ಅಲ್ಲಾಹು ಹಿಡಿಯುವುದಿಲ್ಲ ಹನೀಫಾಕ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

"ಅಲ್ಲಾಹು ಹಿಡಿಯುವುದಿಲ್ಲ. ಅವಳು ಕೇಳಿಸಿಕೊಂಡಿದ್ದರೆ?"

ಉಸ್ತಾದರು ಅವನ ಹೆಗಲ ಮೇಲೆ ಕೈ ಇಟ್ಟರು.

ಕಾರು ಮೇಲ್ಸೇತುವೆ ಹತ್ತಿತು. ಕೆಳಗೆ ಹೊಸ ಬಟ್ಟೆಯ ಹುಡುಗರು ಬೈಕುಗಳಲ್ಲಿ ಮೂರು ಮೂರು ಜನ ಕುಳಿತು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದರು. ಶಮೀರನ ಫೋನ್ ರಿಂಗಾಯಿತು. ಮನೆಯಿಂದ ಸಬೀಹಾ.

"ಆರಾಮಿದ್ದಾರೆ ಉಮ್ಮಾ. ಇಲ್ಲ, ಏನೂ ಆಗಲಿಲ್ಲ. ಅಳಲಿಲ್ಲ ಸಹ." ಅವನ ಧ್ವನಿಯಲ್ಲಿ ದೊಡ್ಡ ಗಂಡಾಂತರ ದಾಟಿದವನ ಹಗುರವಿತ್ತು. ಫೋನನ್ನು ಕಿವಿಯಿಂದ ಸರಿಸಿ ಹಿಂದೆ ತಿರುಗಿದ. "ಉಪ್ಪಾ, ಉಮ್ಮ ಕೇಳ್ತಾ ಇದ್ದಾರೆ. ಎದೆ ನೋವು ಇಲ್ಲವಲ್ಲ?"

ಹನೀಫಾ ಯೋಚಿಸಿದ.

"ಇಲ್ಲ," ಎಂದ. ಅದು ಸುಳ್ಳಾಗಿರಲಿಲ್ಲ.